ಲ್ಯಾಮಿನೇಷನ್ ಮಾಡಿಸಿದ ಬರ್ತ್ ಸರ್ಟಿಫಿಕೇಟು

ತುಮಕೂರು ಕೋರ್ಟಲ್ಲಿ ಫ್ಯಾಮಿಲಿ ಕೇಸು ನಡೆಸೋ ನನ್ನ ಹತ್ರ, ಮದುವೆ ಆಗದೆ ಜೊತೇಲಿದ್ದು ಆಮೇಲೆ ಬೇರೆ ಆದ ಹುಡುಗರು ಮಗು ಬೇಕು ಅಂತ ಬಂದ್ರೆ ಮೊದಲು ಟೇಬಲ್ ಮೇಲೆ ಇಡೋದು ಒಂದೇ ಕಾಗದ, ಲ್ಯಾಮಿನೇಷನ್ ಮಾಡಿಸಿರೋ ಬರ್ತ್ ಸರ್ಟಿಫಿಕೇಟು. "ಸಾರ್, ತಂದೆ ಅನ್ನೋ ಕಡೆ ನನ್ನ ಹೆಸರೇ ಇದೆ ನೋಡಿ, ಮಗು ನಂಗೇ ಬರುತ್ತೆ ಅಲ್ವಾ?"

ಬರಬಹುದಪ್ಪ, ಆದ್ರೆ ಆ ಕಾಗದದಿಂದ ಬರಲ್ಲ. ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ. ಅದು ಹೇಳೋದು ಈ ಮಗು ಇಂಥ ದಿನ ಇಂಥವರಿಗೆ ಹುಟ್ತು ಅಂತ, ಅಷ್ಟೇ. ತಂದೆ ಆಗೋದು ಒಂದು, ಕಾನೂನಿನ ಪ್ರಕಾರ ಗಾರ್ಡಿಯನ್, ಅಂದ್ರೆ ಮಗು ಪರವಾಗಿ ತೀರ್ಮಾನ ತಗೊಳ್ಳೋ ಪೋಷಕ ಆಗೋದು ಇನ್ನೊಂದು, ಮಗು ಯಾರ ಮನೇಲಿ ಉಂಡು ಮಲಗುತ್ತೆ ಅನ್ನೋ ಕಸ್ಟಡಿ ಮತ್ತೊಂದು. ಹಿಂದೂಗಳಿಗೆ 1956ರ ಗಾರ್ಡಿಯನ್‌ಶಿಪ್ ಕಾಯ್ದೆ ಇದೆ (ಬೇರೆ ಧರ್ಮದವರದ್ದು ಬೇರೆ ಲೆಕ್ಕ, ಕೇಳ್ಕೊಂಡು ಹೆಜ್ಜೆ ಇಡಿ), ಅದರ 6ನೇ ಸೆಕ್ಷನ್ ಪ್ರಕಾರ ಮದುವೆ ಇಲ್ಲದೆ ಹುಟ್ಟಿದ ಮಗುಗೆ ಮೊದಲು ತಾಯಿ, ಅವಳಾದ ಮೇಲೆ ತಂದೆ. ಆ ಮಗುಗೆ ಕಾಯ್ದೇಲಿ ಬಳಸಿರೋ ಪದ ನಂಗೆ ಬರೆಯೋಕೂ ಮನಸ್ಸಿಲ್ಲ, ಬಿಡಿ. 2015ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಮದುವೆಯಾಗದ ತಾಯಿ ತಂದೆಗೆ ನೋಟಿಸ್ ಕೊಡದೇನೂ ಗಾರ್ಡಿಯನ್ ಆಗಬಹುದು ಅಂತು, ಆ ಕೇಸಲ್ಲಿ ಅಪ್ಪ ಮಗು ಕಡೆ ತಿರುಗಿಯೂ ನೋಡಿರಲಿಲ್ಲ.

ಇದು ಕೇಳಿದ ಕೂಡ್ಲೇ "ಹಂಗಾದ್ರೆ ಡಿಎನ್‌ಎ ಮಾಡಿಸೋಣ" ಅಂತಾರೆ. ನೀನು ಅಪ್ಪ ಅಲ್ಲ ಅಂತ ಅವಳೇನಾದ್ರೂ ಅಂದ್ಳಾ? ಇಲ್ಲ. ಮತ್ತೆ ಯಾವ ಸುಖಕ್ಕೆ ಟೆಸ್ಟು?

ಹಂಗಂತ ದಾರಿ ಇಲ್ಲ ಅಂತಲ್ಲ. ಅದೇ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ ಎಲ್ಲಕ್ಕಿಂತ ಮಗುವಿನ ಹಿತ ದೊಡ್ಡದು ಅಂತಿದೆ, ಅದನ್ನ ಹಿಡ್ಕೊಂಡು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಕೆಳಗೆ ಅರ್ಜಿ ಹಾಕ್ತೀವಿ. ಅರ್ಜಿ ಹಾಕೋದು ಮಗು ವಾಸ ಇರೋ ಊರಲ್ಲಿ, ಮಗು ಕೋಲಾರದಲ್ಲಿದ್ರೆ ನೀವು ತುಮಕೂರಲ್ಲಿ ನನ್ನ ತಲೆ ತಿಂದು ಪ್ರಯೋಜನ ಇಲ್ಲ.

ಗುಬ್ಬಿ ಕಡೆಯ ಒಬ್ಬ ಹುಡುಗ, ಗುರುತು ಸಿಗದ ಹಾಗೆ ಸ್ವಲ್ಪ ಬದಲಾಯಿಸಿ ಹೇಳ್ತಿದೀನಿ, ಬರ್ತ್ ಸರ್ಟಿಫಿಕೇಟ್ ತೋರಿಸಿ ವಾದ ಮಾಡಿ ಮಾಡಿ ಸುಸ್ತಾದ. ನಾನು ರೇಗಿ, ಮಗುಗೆ ನೀನು ಏನು ಮಾಡಿದೀಯ ಹೇಳೋ ಅಂದೆ. ಬ್ಯಾಗ್ ತಳದಿಂದ ತಾಯಿ ಕಾರ್ಡ್ (ತಾಯಿ-ಮಗುವಿನ ಆರೋಗ್ಯದ ವಿವರ ಬರೆಯೋ ಸರ್ಕಾರಿ ಕಾರ್ಡು) ತೆಗೆದ, ನಾಲ್ಕು ಮಡಿಕೆ, ಒಂದು ಮೂಲೆ ಎಣ್ಣೆ ಕಲೆ. ಇಂಜೆಕ್ಷನ್ ತಾರೀಖುಗಳ ಪಕ್ಕ ಪೆನ್ನಲ್ಲಿ ಅವನದೇ ಅಕ್ಷರ: "ರಾತ್ರಿ ಜ್ವರ, ಎಡಗಾಲು ಊತ, ಸಿರಪ್ ಅರ್ಧ." ಅವಳು ಫ್ಯಾಕ್ಟರಿ ಶಿಫ್ಟಿಗೆ ಹೋದ್ರೆ ಅಂಗನವಾಡಿಗೆ ಬಿಡ್ತಿದ್ದಿದ್ದು ಇವನೇ. ಅಯ್ಯೋ ಪುಣ್ಯಾತ್ಮ, ಇದನ್ನ ಕೆಳಗಿಟ್ಕೊಂಡು ಅದನ್ನ ಲ್ಯಾಮಿನೇಷನ್ ಮಾಡಿಸಿದ್ಯಲ್ಲೋ!

ಅದರಿಂದ ಅವನಿಗೆ ಕಸ್ಟಡಿ ಸಿಕ್ತಾ ಅಂದ್ರೆ ಇಲ್ಲ, ಮಗುಗೆ ಮೂರು ವರ್ಷ, ಅಷ್ಟು ಚಿಕ್ಕದನ್ನ ತಾಯಿಯಿಂದ ಬಿಡಿಸೋಕೆ ದೊಡ್ಡ ಕಾರಣ ಬೇಕು, ನಮ್ಮ ಹತ್ರ ಇರಲಿಲ್ಲ, ಅವಳೇನು ಕೆಟ್ಟ ತಾಯಿ ಅಲ್ಲ. ಆದ್ರೆ ಮೀಡಿಯೇಷನ್‌ನಲ್ಲಿ, ಅಂದ್ರೆ ರಾಜಿ ಮಾತುಕತೇಲಿ, ಆ ಕಾರ್ಡ್ ನೋಡಿ ಅವಳೇ "ಭಾನುವಾರ ಕರ್ಕೊಂಡ್ ಹೋಗ್ಲಿ, ಸಂಜೆ ಆರಕ್ಕೆ ತಂದು ಬಿಡ್ಲಿ" ಅಂದ್ಳು. ಎರಡು ಭಾನುವಾರ ಸರಿಯಾಗಿ ಆರಕ್ಕೆ ಬಿಟ್ಟ, ಮೂರನೇದಕ್ಕೆ ಏಳೂವರೆ, ನಂಗೆ ಇಬ್ಬರದ್ದೂ ಫೋನು.