ಎಂಟರ್ ಒತ್ತುವ ಮುನ್ನ

ಕೆಟ್ಟ ಪಟ್ಟಿಗಳನ್ನು ಸರಿಪಡಿಸಿಕೊಡುವುದು ನನ್ನ ಕೆಲಸ. ನನ್ನ ಬಳಿಗೆ ಬರುವ ಎಕ್ಸೆಲ್ ಫೈಲುಗಳ ಜೊತೆಗೆ ಸಾಮಾನ್ಯವಾಗಿ ಒಂದೇ ದೂರು ಬರುತ್ತದೆ: "ನಾನು ಹಾಕಿದ್ದೊಂದು, ಅದು ತೋರಿಸುವುದೇ ಇನ್ನೊಂದು. ಫಾರ್ಮ್ಯಾಟ್ ಅನ್ನು ಟೆಕ್ಸ್ಟ್‌ಗೆ ಬದಲಿಸಿಯೂ ನೋಡಿದೆ, ಹಳೆಯದು ವಾಪಸ್ಸು ಬರುತ್ತಿಲ್ಲ." ಆ ಕೊನೆಯ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಅವರ ಮೇಲೆ ಬರುವುದಿಲ್ಲ. ಬಣ್ಣ ತುಂಬುವುದು, ಗೆರೆ ಎಳೆಯುವುದು, ಚಾರ್ಟ್ ಬಿಡಿಸುವುದು ಎಲ್ಲವನ್ನೂ ಹೇಳಿಕೊಟ್ಟು ಇದೊಂದನ್ನು ಹೇಳದೆ ಕಳುಹಿಸಿದವರ ಮೇಲೆ ಬರುತ್ತದೆ. ವಾಪಸ್ಸು ಬರುವುದಕ್ಕೆ ಅಲ್ಲಿ ಹಳೆಯದು ಉಳಿದೇ ಇರುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಬಿಡುತ್ತೇನೆ. "ಅದಾಗಿಯೇ ಬದಲಾಗುತ್ತದೆ" ಎಂದು ಜನ ಹೇಳುವಾಗ ಅದರ ಹಿಂದೆ ಮೂರು ಬೇರೆ ಬೇರೆ ಕೈಗಳಿರುತ್ತವೆ. ಒಂದರ ಸ್ವಿಚ್ ಆರಿಸಿದರೆ ಇನ್ನೊಂದು ನಿಲ್ಲುವುದಿಲ್ಲ.

ಮೊದಲನೆಯದು ಆಟೋಕರೆಕ್ಟ್. ಕಾಗುಣಿತ ತಿದ್ದುವುದು, ವಾರಗಳ ಹೆಸರಿನ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದು, ಮೊದಲೆರಡು ಅಕ್ಷರ ದೊಡ್ಡದಾಗಿದ್ದರೆ ಎರಡನೆಯದನ್ನು ಸಣ್ಣದು ಮಾಡುವುದು ಇದರ ಕೆಲಸ. ಒಂದು ವಕೀಲರ ಕಚೇರಿಯಲ್ಲಿ ಒಪ್ಪಂದದ ಉಪವಿಭಾಗಗಳನ್ನು ಎಕ್ಸೆಲ್‌ನಲ್ಲಿ ಪಟ್ಟಿ ಮಾಡುತ್ತಿದ್ದರು. ಆವರಣದೊಳಗೆ ಇಂಗ್ಲಿಷಿನ ಸಣ್ಣ ಎ, ಆಮೇಲೆ ಬಿ, ಎರಡೂ ಸರಿಯಾಗಿಯೇ ಬಂದವು. ಮೂರನೆಯ ಸಾಲಿನಲ್ಲಿ ಸಿ ಹಾಕಿ ಆವರಣ ಮುಚ್ಚಿದ ಕೂಡಲೇ ಅಲ್ಲಿ © ಕುಳಿತಿತು. ಅಲ್ಲಿನ ಹಿರಿಯ ಗುಮಾಸ್ತರು ಕೀಲಿಮಣೆ ಕೆಟ್ಟಿದೆಯೆಂದು ತಿಳಿದು ಇನ್ನೊಂದನ್ನು ತರಿಸಿದ್ದರು. ಆ ಹೊಸದರಲ್ಲೂ © ಬಂದಾಗ ಅವರ ಮುಖ ಬಾಡಿದ್ದನ್ನು ನಾನು ಮರೆತಿಲ್ಲ. ಅಷ್ಟು ಶ್ರದ್ಧೆಯಿಂದ ಕೆಲಸ ಮಾಡುವವರು ತಮ್ಮನ್ನೇ ತಾವು ಅನುಮಾನಿಸುವ ಹಾಗಾಗಬಾರದು. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಆಟೋಕರೆಕ್ಟ್ ಆಪ್ಷನ್ಸ್ ಎಂಬ ದಾರಿಯಲ್ಲಿ ಹೋಗಿ, ಪಟ್ಟಿಯಲ್ಲಿ ಆ ಒಂದು ಸಾಲನ್ನು ಆಯ್ದು ಡಿಲೀಟ್ ಮಾಡಿದರೆ ಸಾಕು. ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಿ ಎಂದು ನಾನು ಹೇಳುವುದಿಲ್ಲ. ಕೆಲವು ತಿದ್ದುಪಡಿಗಳು ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಈ ಪಟ್ಟಿ ಎಕ್ಸೆಲ್‌ಗೆ ಮಾತ್ರ ಸೇರಿದ್ದಲ್ಲ, ವರ್ಡ್ ಕೂಡ ಇದನ್ನೇ ಬಳಸುತ್ತದೆ. ಇಲ್ಲಿ ಅಳಿಸಿದ್ದು ಅಲ್ಲಿಯೂ ಹೋಗುತ್ತದೆ ಎಂಬುದು ಗಮನದಲ್ಲಿರಲಿ. ಇಮೇಲ್ ವಿಳಾಸ ಹಾಕಿದೊಡನೆ ಅದು ನೀಲಿ ಲಿಂಕ್ ಆಗುವುದನ್ನು ನಿಲ್ಲಿಸುವ ಗುರುತೂ ಅದೇ ಕಿಟಕಿಯ ಇನ್ನೊಂದು ಟ್ಯಾಬ್‌ನಲ್ಲಿದೆ. ಎಕ್ಸೆಲ್ ಬದಲು ಲಿಬ್ರೆಆಫೀಸ್ ಬಳಸುವವರು ಟೂಲ್ಸ್ ಮೆನುವಿನಲ್ಲಿ ಹುಡುಕಬೇಕು.

ಎರಡನೆಯದು ಆಟೋಕಂಪ್ಲೀಟ್. ಕಾಲಂನಲ್ಲಿ ಮೇಲೆ ರವಿಕುಮಾರ್ ಎಂದಿದ್ದು, ಕೆಳಗೆ ನೀವು ರವಿ ಎಂದಷ್ಟೇ ಹಾಕಿ ಎಂಟರ್ ಒತ್ತಿದರೆ ಅವನೂ ರವಿಕುಮಾರ್ ಆಗಿಬಿಡುತ್ತಾನೆ. ಎಂಟರ್‌ಗೆ ಮೊದಲು ಡಿಲೀಟ್ ಒತ್ತಿದರೆ ತೇಲಿಬಂದ ಬಾಲ ಹೋಗುತ್ತದೆ. ಹೆಸರುಗಳ ಪಟ್ಟಿಯಲ್ಲಿ ಇದು ಬೇಡವೇ ಬೇಡ ಎನ್ನುವವರು ಆಪ್ಷನ್ಸ್‌ನ ಅಡ್ವಾನ್ಸ್ಡ್ ವಿಭಾಗದಲ್ಲಿ ಗುರುತು ತೆಗೆಯಬಹುದು. ಇದರ ಬಗ್ಗೆ ಇಷ್ಟು ಸಾಕು.

ಮೂರನೆಯದೇ ನಿಜವಾಗಿ ಹಾನಿ ಮಾಡುವುದು. ಇದಕ್ಕೆ ಕಾಗುಣಿತದ ಚಿಂತೆಯಿಲ್ಲ. ನೀವು ಹಾಕಿದ್ದು ಸಂಖ್ಯೆಯೋ, ದಿನಾಂಕವೋ, ಬರಹವೋ ಎಂದು ತಾನೇ ತೀರ್ಮಾನಿಸಿ, ಆ ತೀರ್ಮಾನದ ಫಲವನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಜನ ಆಟೋಕರೆಕ್ಟ್‌ನ ಗುರುತುಗಳನ್ನೆಲ್ಲ ತೆಗೆದುಹಾಕಿ "ಆದರೂ ನಿಲ್ಲಲಿಲ್ಲ" ಎಂದು ಬರುವುದು ಇದರ ಸಲುವಾಗಿಯೇ. ಆ ಕಿಟಕಿಗೂ ಇದಕ್ಕೂ ಸಂಬಂಧವೇ ಇಲ್ಲ.

ಒಂದೇ ಒಂದು ಸೆಲ್ ತೆಗೆದುಕೊಳ್ಳೋಣ. ಮಕ್ಕಳ ಆಟಿಕೆಗಳ ಪಟ್ಟಿಯಲ್ಲಿ ವಯಸ್ಸಿನ ಕಾಲಂ ಇದೆ. ನೀವು 3-4 ಎಂದು ಹಾಕಿ ಎಂಟರ್ ಒತ್ತುತ್ತೀರಿ. ದಿನ ಮೊದಲು, ತಿಂಗಳು ಆಮೇಲೆ ಎಂಬ ಕ್ರಮವಿರುವ ಕಂಪ್ಯೂಟರಿನಲ್ಲಿ ಅದು ಏಪ್ರಿಲ್ 3 ಆಗುತ್ತದೆ. ಸೆಲ್‌ನಲ್ಲಿ ಕಾಣುವುದು ಇಷ್ಟೇ. ಅದರ ಮೇಲೆ ನಿಂತು ಫಾರ್ಮುಲಾ ಬಾರ್ ನೋಡಿದರೆ ವರ್ಷವೂ ಸೇರಿಕೊಂಡಿರುವುದು ತಿಳಿಯುತ್ತದೆ. ಒಳಗೆ ನಿಜವಾಗಿ ಇರುವುದು ದಿನಾಂಕವೂ ಅಲ್ಲ, 1900ರ ಜನವರಿ 1ನ್ನು ಒಂದು ಎಂದು ಹಿಡಿದು ಎಣಿಸಿದ ದಿನಗಳ ಸಂಖ್ಯೆ. 2025ರಲ್ಲಿ ನೀವು ಇದನ್ನು ಹಾಕಿದ್ದರೆ ಆ ಸಂಖ್ಯೆ 45750. ಈಗ ಸೆಲ್‌ನ ಫಾರ್ಮ್ಯಾಟ್ ಅನ್ನು ಟೆಕ್ಸ್ಟ್‌ಗೆ ಬದಲಿಸಿದರೆ ಕಾಣುವುದು 45750 ಮಾತ್ರ. ಮುಂದಿನ ವರ್ಷ ಇನ್ನೊಬ್ಬರು ಅದೇ ಕಾಲಂನಲ್ಲಿ ಅದೇ 3-4 ಹಾಕಿದರೆ ಒಳಗೆ ಸೇರುವುದು 46115. ಒಂದೇ ವಯೋಮಿತಿಗೆ ಎರಡು ಸಂಖ್ಯೆ. ಎರಡು ವರ್ಷದ ಪಟ್ಟಿ ಕೂಡಿಸಿ ಎಷ್ಟು ಆಟಿಕೆಗಳಿವೆ ಎಂದು ಎಣಿಸಿದಾಗ ಲೆಕ್ಕ ಒಡೆದುಕೊಂಡಿರುತ್ತದೆ, ಏಕೆಂದು ಯಾರಿಗೂ ಹೊಳೆಯುವುದಿಲ್ಲ.

ಮೂರು ಎಂಬ ಅಂಕಿ, ನಡುವಿನ ಗೆರೆ, ನಾಲ್ಕು ಎಂಬ ಅಂಕಿ, ಈ ಮೂರೂ ಎಂಟರ್ ಒತ್ತಿದ ಕ್ಷಣದಲ್ಲೇ ಹೋದವು. ಫೈಲಿನ ಯಾವ ಮೂಲೆಯಲ್ಲೂ ಅವು ಉಳಿದಿಲ್ಲ. ಫಾರ್ಮ್ಯಾಟ್ ಎನ್ನುವುದು ಒಳಗಿರುವುದನ್ನು ಹೇಗೆ ತೋರಿಸಬೇಕು ಎಂದು ಹೇಳುತ್ತದೆ, ಇಲ್ಲದ್ದನ್ನು ತರುವುದಿಲ್ಲ. ಹಾಲು ಮೊಸರಾದ ಮೇಲೆ ಪಾತ್ರೆ ಬದಲಿಸಿದರೆ ಮತ್ತೆ ಹಾಲಾಗುತ್ತದೆಯೇ? ನಾನು ಇದನ್ನು ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಕಾಲಂ ಆಯ್ದು ಟೆಕ್ಸ್ಟ್ ಎಂದು ಇನ್ನೊಮ್ಮೆ ಒತ್ತಿ ನೋಡುತ್ತಾರೆ. ಆದ್ದರಿಂದ ಮತ್ತೆ ಹೇಳುತ್ತೇನೆ: ಟೆಕ್ಸ್ಟ್ ಫಾರ್ಮ್ಯಾಟ್ ಕೆಲಸ ಮಾಡುವುದು ಅದಾದ ಮೇಲೆ ಬರುವುದಕ್ಕೆ, ಅದಕ್ಕೆ ಮೊದಲು ಬಂದುಹೋದದ್ದಕ್ಕಲ್ಲ. ಖಾಲಿ ಕಾಲಂ ಆಯ್ದು, ಕಂಟ್ರೋಲ್ ಜೊತೆಗೆ 1 ಒತ್ತಿ, ಟೆಕ್ಸ್ಟ್ ಎಂದು ಗೊತ್ತುಮಾಡಿ, ಅನಂತರ ಹಾಕಲು ಶುರುಮಾಡಿ. ಒಂದೆರಡು ಸೆಲ್ ಮಾತ್ರ ಇದ್ದರೆ ಮೊದಲಿಗೆ ಮೇಲುಕೊಂಬು ' ಹಾಕಿ ಬರೆಯಿರಿ. ಅದು ಸೆಲ್‌ನಲ್ಲಿ ಕಾಣುವುದಿಲ್ಲ. ಗೂಗಲ್ ಶೀಟ್ಸ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಇದು ನಡೆಯುತ್ತದೆ.

ಅದೇ ಆಟಿಕೆಗಳ ಕಾಲಂನಲ್ಲಿ ಇನ್ನೊಂದು ವಿಚಿತ್ರವನ್ನು ಗಮನಿಸಿ. 5-6 ದಿನಾಂಕವಾಗುತ್ತದೆ, 10-12 ಕೂಡ ಆಗುತ್ತದೆ, ಆದರೆ 13-15 ಹಾಗೆಯೇ ಉಳಿಯುತ್ತದೆ. ಹದಿಮೂರನೆಯ ತಿಂಗಳೂ ಇಲ್ಲ, ಹದಿನೈದನೆಯ ತಿಂಗಳೂ ಇಲ್ಲವಲ್ಲ. ಕಾಲಂನ ಅರ್ಧ ಸರಿ, ಅರ್ಧ ತಪ್ಪು. ಎಲ್ಲವೂ ತಪ್ಪಾಗಿದ್ದರೆ ಯಾರಾದರೂ ಕೂಡಲೇ ಗಮನಿಸುತ್ತಿದ್ದರು. ಅರ್ಧ ಸರಿಯಿರುವ ಪಟ್ಟಿ ನಾಲ್ಕಾರು ಕೈ ದಾಟಿ ಹೋಗಿಬಿಡುತ್ತದೆ.

ಇದನ್ನು ಮರಳಿ ಪಡೆಯಬಹುದೇ ಎಂದು ಕೇಳುತ್ತಾರೆ. ಒಮ್ಮೊಮ್ಮೆ, ಎಚ್ಚರಿಕೆಯಿಂದ. ದಿನಾಂಕದಿಂದ ದಿನವನ್ನೂ ತಿಂಗಳನ್ನೂ ಬೇರೆ ಮಾಡಿ ನಡುವೆ ಗೆರೆ ಜೋಡಿಸುವ ಫಾರ್ಮುಲಾ ಬರೆಯಬಹುದು. ಆದರೆ ಹಾಕಿದವರೆಲ್ಲರ ಕಂಪ್ಯೂಟರಿನಲ್ಲಿ ದಿನ, ತಿಂಗಳ ಕ್ರಮ ಒಂದೇ ಆಗಿತ್ತು ಎಂಬ ಖಾತರಿ ಬೇಕು. ತಿಂಗಳು ಮೊದಲು ಬರುವ ಕ್ರಮದಲ್ಲಿ ಅದೇ 3-4 ಮಾರ್ಚ್ 4 ಆಗಿರುತ್ತದೆ. ಅವರು ಹಾಕಿದ್ದು 3-4 ಎಂದೋ, 3/4 ಎಂದೋ, 03-04 ಎಂದೋ ಫೈಲ್ ನೋಡಿ ಹೇಳಲು ಬರುವುದಿಲ್ಲ. ಮೂಲ ಕಾಗದ ಸಿಗುವುದಾದರೆ ಅದನ್ನೇ ತೆಗೆದುಕೊಂಡು ಹೊಸದಾಗಿ ತುಂಬುವುದೇ ಮೇಲು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಸೊನ್ನೆಗಳ ಕಥೆಯೂ ಇಂಥದ್ದೇ. 00560 ಹಾಕಿದರೆ 560 ಉಳಿಯುತ್ತದೆ. ಎಲ್ಲ ಕೋಡುಗಳೂ ಒಂದೇ ಉದ್ದ ಎಂದು ಖಚಿತವಿದ್ದರೆ ಸೊನ್ನೆಗಳನ್ನು ಮುಂದೆ ತುಂಬಿಕೊಳ್ಳಬಹುದು; ಉದ್ದ ಬೇರೆ ಬೇರೆಯಾಗಿದ್ದರೆ ಊಹೆ ಮಾಡಬೇಡಿ. ಉದ್ದ ಸಂಖ್ಯೆಗಳದ್ದು ಇನ್ನೂ ಕಠಿಣ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಕಾಪಾಡುತ್ತದೆ. 16 ಅಂಕಿಯ ಕಾರ್ಡ್ ಸಂಖ್ಯೆ 1234567890123456 ಎಂದು ಹಾಕಿದರೆ ಕೊನೆಯ 6 ಹೋಗಿ ಸೊನ್ನೆ ಬಂದಿರುತ್ತದೆ. ಆ ಆರನ್ನು ಯಾವ ಫಾರ್ಮುಲಾವೂ ತಂದುಕೊಡುವುದಿಲ್ಲ. ಸೆಲ್‌ನಲ್ಲಿ ನಡುವೆ ಇ ಅಕ್ಷರ ಬಂದ ಚುಟುಕು ರೂಪ ಕಾಣುತ್ತದೆಂದು ಕಾಲಂ ಅಗಲ ಮಾಡಿ, ಫಾರ್ಮ್ಯಾಟ್ ನಂಬರ್ ಮಾಡಿ, "ಈಗ ಪೂರ್ತಿ ಕಾಣುತ್ತಿದೆ" ಎಂದು ಸಮಾಧಾನಪಡುವವರಿದ್ದಾರೆ. ದಯವಿಟ್ಟು ಕೊನೆಯ ಅಂಕಿಯನ್ನು ಮೂಲದೊಂದಿಗೆ ಹೋಲಿಸಿ ನೋಡಿ.

ಇದು ಕಲಿಯದವರ ತಪ್ಪು ಎಂದು ಯಾರಾದರೂ ಅಂದರೆ ನಾನು ಜೀನ್‌ಗಳ, ಅಂದರೆ ವಂಶವಾಹಿಗಳ, ಉದಾಹರಣೆ ಕೊಡುತ್ತೇನೆ. ಮಾರ್ಚ್1, ಸೆಪ್ಟ್2 ಎಂದು ಬರೆಯಲಾಗುತ್ತಿದ್ದ ಮಾನವ ಜೀನ್‌ಗಳ ಸಂಕೇತಗಳು ಎಕ್ಸೆಲ್‌ನಲ್ಲಿ ದಿನಾಂಕಗಳಾಗುತ್ತಿದ್ದವು. 2004ರಲ್ಲೇ ಇದರ ಬಗ್ಗೆ ಪ್ರಬಂಧ ಬಂದಿತ್ತು. 2016ರಲ್ಲಿ ಪ್ರಕಟವಾದ ಇನ್ನೊಂದು ಪರಿಶೀಲನೆಯ ಪ್ರಕಾರ, ಜೀನ್ ಪಟ್ಟಿಗಳಿರುವ ಎಕ್ಸೆಲ್ ಫೈಲುಗಳನ್ನು ಲಗತ್ತಿಸಿದ್ದ ಸಂಶೋಧನಾ ಪ್ರಬಂಧಗಳಲ್ಲಿ ಐದರಲ್ಲಿ ಒಂದರಷ್ಟರಲ್ಲಿ ಈ ತಪ್ಪು ಉಳಿದಿತ್ತು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಅಂತಾರಾಷ್ಟ್ರೀಯ ಸಮಿತಿ 2020ರ ಹೊತ್ತಿಗೆ ಸಂಕೇತಗಳನ್ನೇ ಬದಲಿಸಿತು. ಸೆಪ್ಟ್1 ಈಗ ಸೆಪ್ಟಿನ್1. ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವ ಪರಿಣತರಿಗೇ ತಪ್ಪದ ಕಾಟ, ದಿನವಿಡೀ ಅರ್ಜಿಗಳನ್ನು ತುಂಬುವವರನ್ನು ಏಕೆ ಬೈಯಬೇಕು?

2023ರಿಂದ ಎಕ್ಸೆಲ್‌ನಲ್ಲಿ ಸ್ವಲ್ಪ ನೆಮ್ಮದಿ ಸಿಕ್ಕಿದೆ. ಆಪ್ಷನ್ಸ್‌ನ ಡೇಟಾ ವಿಭಾಗದಲ್ಲಿ, ಮುಂದಿನ ಸೊನ್ನೆ ತೆಗೆಯುವುದು, 15 ಅಂಕಿಗೆ ಕತ್ತರಿಸುವುದು, ಇ ಅಕ್ಷರವಿರುವ ಕೋಡುಗಳನ್ನು ಸಂಖ್ಯೆಯೆಂದು ಹಿಡಿಯುವುದು, ಅಕ್ಷರ ಮತ್ತು ಅಂಕಿ ಅಂಟಿಕೊಂಡಿರುವುದನ್ನು ದಿನಾಂಕ ಮಾಡುವುದು, ಇವುಗಳನ್ನು ಒಂದೊಂದಾಗಿ ಆಫ್ ಮಾಡಬಹುದು. ಆಫ್ ಮಾಡಿ, ಆದರೆ ಪೂರ್ತಿ ನಂಬಿ ಕೂರಬೇಡಿ. ಕೊನೆಯ ಗುರುತು ಮಾರ್ಚ್1 ಎಂಬಂಥದ್ದಕ್ಕೆ ಮಾತ್ರ. ನಮ್ಮ 3-4 ಈಗಲೂ ಏಪ್ರಿಲ್‌ಗೆ ಹೋಗುತ್ತದೆ. ಇದು ನಿಮ್ಮ ಕಂಪ್ಯೂಟರಿನ ಸೆಟ್ಟಿಂಗ್, ಫೈಲಿನ ಜೊತೆ ಪ್ರಯಾಣ ಮಾಡುವುದಿಲ್ಲ. ಪಕ್ಕದ ಮೇಜಿನವರ ಎಕ್ಸೆಲ್ ಹಳೆಯ ಅಭ್ಯಾಸದಲ್ಲೇ ಇರುತ್ತದೆ.

ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯುವವರಿಗೆ ಬೇರೆಯೇ ಎಚ್ಚರಿಕೆ. ಸಿಎಸ್‌ವಿಯಲ್ಲಿ ಬರೀ ಅಕ್ಷರಗಳಿರುತ್ತವೆ, ಫಾರ್ಮ್ಯಾಟ್ ಎಂಬುದೇ ಇರುವುದಿಲ್ಲ. ನೀವು ಎಲ್ಲವನ್ನೂ ಟೆಕ್ಸ್ಟ್ ಮಾಡಿ, ಸೊನ್ನೆಗಳನ್ನೆಲ್ಲ ಸೇರಿಸಿ, ಸಿಎಸ್‌ವಿ ಆಗಿ ಉಳಿಸಿ, ಮರುದಿನ ಅದನ್ನೇ ಡಬಲ್ ಕ್ಲಿಕ್ ಮಾಡಿದರೆ ಎಲ್ಲ ಸೊನ್ನೆಗಳೂ ಮತ್ತೆ ಹೋಗಿರುತ್ತವೆ. ಹಾಗೆ ತೆರೆದದ್ದನ್ನು ಉಳಿಸದೆ ಮುಚ್ಚಿದರೆ ಏನೂ ಕೆಡುವುದಿಲ್ಲ. ಉಳಿಸಿದರೆ ಮೂಲವೇ ಹೋಗುತ್ತದೆ. ಖಾಲಿ ಶೀಟ್ ತೆರೆದು, ಡೇಟಾ ಟ್ಯಾಬ್‌ನಿಂದ ಫೈಲನ್ನು ಒಳಗೆ ತಂದುಕೊಳ್ಳಿ, ಡೇಟಾದ ಬಗೆಯನ್ನು ಪತ್ತೆಮಾಡಬೇಡ ಎಂಬ ಆಯ್ಕೆಯನ್ನು ಅಲ್ಲಿ ಕೊಡಿ.

ಎಲ್ಲವನ್ನೂ ಟೆಕ್ಸ್ಟ್ ಮಾಡಿಬಿಡೋಣವೇ ಎಂದರೆ, ಬೇಡ. ಟೆಕ್ಸ್ಟ್ ಆದ ಮೊತ್ತಗಳನ್ನು ಸಮ್ ಫಂಕ್ಷನ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಕೂಡಿಸುವ, ಕಳೆಯುವ ಅಗತ್ಯವಿರುವುದು ಸಂಖ್ಯೆಯಾಗಿಯೇ ಇರಲಿ. ಫೋನ್, ಖಾತೆ ಸಂಖ್ಯೆ, ಕೋಡ್, ವಯೋಮಿತಿ ಇವುಗಳನ್ನು ಯಾರೂ ಕೂಡಿಸುವುದಿಲ್ಲ, ಅವು ಟೆಕ್ಸ್ಟ್. ಅಂಥ ಸೆಲ್‌ಗಳ ಮೂಲೆಯಲ್ಲಿ ಹಸಿರು ತ್ರಿಕೋನ ಬಂದು, ಸಂಖ್ಯೆಯಾಗಿ ಪರಿವರ್ತಿಸಲೇ ಎಂದು ಕೇಳುತ್ತದೆ. ಒಪ್ಪಿದರೆ ಇಷ್ಟು ಹೊತ್ತು ಕಾಪಾಡಿದ ಸೊನ್ನೆಗಳು ಒಂದೇ ಕ್ಲಿಕ್ಕಿಗೆ ಮಾಯ. ಕಡೆಗಣಿಸು ಎಂಬುದನ್ನು ಆರಿಸಿಕೊಳ್ಳಿ.

ಹಲವರು ತುಂಬಬೇಕಾದ ಫೈಲಾದರೆ ಖಾಲಿ ಇರುವಾಗಲೇ ಕೋಡ್ ಕಾಲಂಗಳನ್ನು ಟೆಕ್ಸ್ಟ್ ಮಾಡಿ, ಸಿಎಸ್‌ವಿ ಬದಲು ಎಕ್ಸೆಲ್ ಫೈಲಾಗಿಯೇ ಕಳುಹಿಸಿ. ಬೇರೆ ಕಡೆಯಿಂದ ತಂದು ಪೇಸ್ಟ್ ಮಾಡುವವರು, ಪೇಸ್ಟ್ ಆಯ್ಕೆಗಳಲ್ಲಿ ಇಲ್ಲಿನ ಫಾರ್ಮ್ಯಾಟ್ ಉಳಿಸಿಕೊಳ್ಳುವುದನ್ನೇ ಆರಿಸಬೇಕೆಂದು ಅವರಿಗೆ ಮೊದಲೇ ತಿಳಿಸಿರಿ. ಇಲ್ಲವಾದರೆ ಪೇಸ್ಟ್ ಆದದ್ದು ತನ್ನ ಫಾರ್ಮ್ಯಾಟ್ ಅನ್ನೂ ಜೊತೆಗೆ ತಂದು, ನೀವು ಮಾಡಿಟ್ಟದ್ದನ್ನು ಅಳಿಸಿಹಾಕುತ್ತದೆ.