ಆಸ್ವೆಲ್: ಕಲಹಾರಿಯ ಬಾಯಾರಿಕೆ

ದಕ್ಷಿಣ ಆಫ್ರಿಕಾದ ಕಲಹಾರಿ ಮರುಭೂಮಿಯ ಆಚೆಗಿನ ಎನ್‌ಗಾಮಿ ಸರೋವರವನ್ನು ಮೊದಲು ಕಂಡ ಐರೋಪ್ಯರು ಯಾರು ಅಂತ ಕೇಳಿದರೆ ನಾವು 'ಲಿವಿಂಗ್‌ಸ್ಟನ್, 1849' ಅಂತ ಬರೆದುಬಿಡುತ್ತೇವೆ, ಅಲ್ವಾ? ಆ ಸ್ಕಾಟಿಷ್ ಮಿಷನರಿ, ಅನ್ವೇಷಕನ ಜೊತೆ ಇನ್ನಿಬ್ಬರಿದ್ದರು. ಒಬ್ಬ ಮಂಗೋ ಮರ್ರೆ. ಇನ್ನೊಬ್ಬ ವಿಲಿಯಂ ಕಾಟನ್ ಆಸ್ವೆಲ್ ಎಂಬ ಬೇಟೆಗಾರ. ದಾರಿ ತೋರಿಸುವವರ ಖರ್ಚೆಲ್ಲ ತನ್ನದೇ ಅಂತ ಒಪ್ಪಿಕೊಂಡವನು ಇವನೇ.

ಆಸ್ವೆಲ್ ಹುಟ್ಟಿದ್ದು 1818ರಲ್ಲಿ, ಇಂಗ್ಲೆಂಡಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಮದ್ರಾಸಿಗೆ ಬಂದ. ಜ್ವರ ಹಿಡಿದು ಸೊರಗಿದ. ಹವೆ ಬದಲಾಗಲಿ ಅಂತ ಆಫ್ರಿಕಾದ ದಕ್ಷಿಣ ತುದಿಯ ಕೇಪ್‌ಗೆ ಹೋದ. ಚೇತರಿಸಿಕೊಂಡ ಮೇಲೆ ಎತ್ತಿನ ಬಂಡಿ ಕಟ್ಟಿಕೊಂಡು ಉತ್ತರಕ್ಕೆ ಬೇಟೆಗೆ ಹೊರಟ.

ಬೇಟೆಗಾರ ಅಂದ ಕೂಡಲೇ ನಮಗೆ ಸಿಂಹ, ಖಡ್ಗಮೃಗ ನೆನಪಾಗುತ್ತವೆ. ಆಸ್ವೆಲ್‌ನನ್ನು ಖಡ್ಗಮೃಗ ಎತ್ತಿ ಒಗೆದದ್ದೂ ನಿಜ. ಆದರೆ ಅವನ ಪಯಣಗಳನ್ನು ಓದುವಾಗ ನನಗೆ ಹೆಚ್ಚು ತಟ್ಟಿದ್ದು ನೀರಿನ ಕಷ್ಟ.

1849ರ ಜೂನ್ 1ರಂದು ಲಿವಿಂಗ್‌ಸ್ಟನ್‌ನ ಮಿಷನ್ ಠಾಣೆಯಾದ ಕೊಲೊಬೆಂಗ್‌ನಿಂದ ಹೊರಟರು. ಜೊತೆಗೆ 80 ಎತ್ತು, 20 ಕುದುರೆ. ಸೆರೊಟ್ಲಿ ಎಂಬಲ್ಲಿಗೆ ಬಂದರೆ ಕಣ್ಣಿಗೆ ಬೀಳುವುದು ಬರೀ ಮರಳು. ಒರತೆ ತೋಡಲು ಕೂತರು. ಸಂಜೆಯವರೆಗೆ ಆಳವಾಗಿ ಅಗೆದರೂ ಕುದುರೆಗಳಿಗೆ ಸಾಲುವಷ್ಟೇ ನೀರು. ಎತ್ತುಗಳನ್ನು ಬಾಯಾರಿದಂತೆಯೇ ಹಿಂದಿನ ನೀರಿನ ಜಾಗಕ್ಕೆ ಅಟ್ಟಬೇಕಾಯಿತು. ಇಲ್ಲೊಂದು ಸೂಕ್ಷ್ಮ ಇದೆ. ಮರಳಿನ ತಳದಲ್ಲಿ ಒಂದು ಗಟ್ಟಿ ಪದರ ಇರುತ್ತದೆ. ನೀರು ನಿಲ್ಲುವುದು ಅದರ ಮೇಲೆ. ಆಸೆಯಿಂದ ಇನ್ನೂ ಅಗೆದು ಆ ಪದರ ಒಡೆದರೆ ಇದ್ದ ನೀರೂ ಕೆಳಗೆ ಇಳಿದುಹೋಗುತ್ತದೆ. ಇದು ಅಲ್ಲಿನ ಜನರ ಅರಿವು.

ಮುಂದೆ ದಾರಿ ತಪ್ಪಿತು. ಪೊದೆಯ ಹತ್ತಿರ ಏನೋ ಸರಿದಾಡಿತು. ಸಿಂಹ ಇರಬೇಕು ಅಂತ ಆಸ್ವೆಲ್ ಕುದುರೆ ಓಡಿಸಿದ. ನೋಡಿದರೆ ಹೆದರಿ ಮುದುಡಿ ಕೂತ ಒಬ್ಬ ಬುಷ್‌ಮನ್ (ಕಲಹಾರಿಯ ಮೂಲನಿವಾಸಿ) ಹೆಂಗಸು! ಹೊತ್ತು ಮುಳುಗುತ್ತಿದ್ದರೂ ಅವಳು ಕುದುರೆಗಳ ಮುಂದೆ 8 ಮೈಲಿ ಬಿರಬಿರನೆ ನಡೆದು ನೀರು ತೋರಿಸಿದಳು. ಅವಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅದು ನನಗೆ ಬೇಜಾರು.

ಅಲ್ಲೇ ಉಪ್ಪಿನ ಬಯಲೊಂದು ಸಂಜೆ ಬಿಸಿಲಿಗೆ ಥಳಥಳ ಹೊಳೆಯಿತು. ಸರೋವರ ಸಿಕ್ಕಿತು ಅಂತ ಆಸ್ವೆಲ್ ಟೋಪಿ ಮೇಲಕ್ಕೆಸೆದು ಕೂಗಿದ. ಅದು ಬಿಸಿಲ್ಗುದುರೆ. ನಿಜವಾದ ಸರೋವರ ಇನ್ನೂ 300 ಮೈಲಿ ಆಚೆ ಇತ್ತು. ಅಲ್ಲಿಗೆ ತಲುಪಿದ್ದು ಆಗಸ್ಟ್ 1ರಂದು.

1851ರಲ್ಲಿ ಇದೇ ಆಸ್ವೆಲ್ ಮತ್ತು ಲಿವಿಂಗ್‌ಸ್ಟನ್ ಜಾಂಬೆಜಿ ನದಿಯವರೆಗೆ ಹೋದರು. ಆ ಸಲ ಕಾಡಿದ್ದು ತ್ಸೆತ್ಸೆ ನೊಣ. ಅದು ಕಚ್ಚಿದರೆ ರಕ್ತಕ್ಕೆ ಪರೋಪಜೀವಿ ಸೇರಿ ದನ, ಕುದುರೆಗಳು ಸೊರಗಿ ಸಾಯುತ್ತವೆ. 43 ಎತ್ತು ಹೋದವು. ಎತ್ತಿಲ್ಲದೆ ಬಂಡಿ ಇಲ್ಲ, ಬಂಡಿ ಇಲ್ಲದೆ ಪಯಣ ಇಲ್ಲ.

ಆಸ್ವೆಲ್‌ನ ಕೋವಿಯ ವಿಷಯ ಒಂದು ಹೇಳಲೇಬೇಕು. ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ ಅದು. ಕೊಕ್ಕೆ ಮುಳ್ಳಿನ ಪೊದೆಗಳ ನಡುವೆ ಕುದುರೆ ಓಡಿಸುತ್ತ ವರ್ಷಗಟ್ಟಲೆ ಹಿಡಿದಿದ್ದ. 1861ರಲ್ಲಿ ನೈಲ್ ನದಿಯ ಕಡೆ ಹೊರಟ ಇಂಗ್ಲಿಷ್ ಅನ್ವೇಷಕ ಸ್ಯಾಮ್ಯುಯೆಲ್ ಬೇಕರ್‌ಗೆ ಅದನ್ನು ಎರವಲು ಕೊಟ್ಟ. ಆ ಹೊತ್ತಿಗೆ ಅದರ ಗಟ್ಟಿ ಮರದ ಹಿಡಿ ಮುಳ್ಳು ತರಚಿ ತರಚಿ, ಇಲಿ ಕಡಿದ ಹಾಗೆ ಸವೆದಿತ್ತು.