ಹೊಲದಲ್ಲಿ ಕುಸಿತ, ಅಂಗಡಿಯಲ್ಲಿ ಏರಿಕೆ: ಸಾಂಕ್ರಾಮಿಕದ ನಿರ್ಬಂಧ ಮತ್ತು ತಾಜಾ ಆಹಾರದ ಬೆಲೆ

2014ರ ಆಗಸ್ಟ್‌ನಲ್ಲಿ ಎಬೋಲಾ ತಡೆಯಲು ಪಶ್ಚಿಮ ಆಫ್ರಿಕದ ದೇಶಗಳು ಗಡಿ ಮುಚ್ಚಿದವು. ಲೈಬೀರಿಯದ ರಾಜಧಾನಿ ಮನ್ರೋವಿಯದ ಒಂದು ಮಾರುಕಟ್ಟೆಯಲ್ಲಿ ಮರಗೆಣಸಿನ ಬೆಲೆ ಕೆಲವೇ ವಾರಗಳಲ್ಲಿ ಶೇ 150ರಷ್ಟು ಏರಿತೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತಿಳಿಸಿತು. ಅತ್ತ ಗಿನಿಯ ಬೆಟ್ಟಸೀಮೆಯಲ್ಲಿ ಆಲೂಗಡ್ಡೆ ಬೆಲೆ ಬಿತ್ತು. ಅದನ್ನು ಕೊಳ್ಳುತ್ತಿದ್ದ ಸೆನೆಗಲ್‌ಗೆ ದಾರಿ ಬಂದ್ ಆಗಿತ್ತು. ನಿರ್ಬಂಧ ಬಂದರೆ ಬೆಲೆ ಏರುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಬೆಳೆದ ಕಡೆ ಬೆಲೆ ಬೀಳುತ್ತದೆ, ತಿನ್ನುವ ಕಡೆ ಏರುತ್ತದೆ.

2020ರಲ್ಲಿ ಕೊರೊನಾ ನಿರ್ಬಂಧಗಳು ಬಂದಾಗ ಜಗತ್ತಿನಾದ್ಯಂತ ಹೀಗೆಯೇ ನಡೆಯಿತು. ಕಾರಣ ತಿಳಿಯಲು ಒಂದು ಲೆಕ್ಕ ಸಾಕು. ವ್ಯಾಪಾರಿ 100 ಕಿಲೋ ಸೊಪ್ಪನ್ನು ಕಿಲೋಗೆ 20ರಂತೆ ಕೊಂಡು, ಸಾಗಣೆಗೆ ಕಿಲೋಗೆ 5 ಕೊಡುತ್ತಾನೆ ಎಂದಿಟ್ಟುಕೊಳ್ಳಿ. 5 ಕಿಲೋ ಕೊಳೆತರೆ ಉಳಿದ 95 ಕಿಲೋದ ಅಸಲು ಕಿಲೋಗೆ ಸುಮಾರು 26.3. ಈಗ ಲಾರಿ ಅರ್ಧ ಲೋಡಿನಲ್ಲಿ ಓಡಿ ಬಾಡಿಗೆ 10ಕ್ಕೆ ಏರಲಿ, ತಪಾಸಣೆಯಲ್ಲಿ ನಿಂತು ಕಾಲು ಭಾಗ ಕೊಳೆಯಲಿ. ಅಸಲು ಕಿಲೋಗೆ 40. ಶೇ 52ರಷ್ಟು ಏರಿದರೂ ರೈತನ ಕೈಗೆ ಬಂದದ್ದು ಅದೇ 20. ಬಿಸಿಲಲ್ಲಿ ನಿಂತ ಲಾರಿಗೆ ಇದು ಅತಿಶಯೋಕ್ತಿಯಲ್ಲ: ಉಷ್ಣಾಂಶ 10 ಡಿಗ್ರಿ ಏರಿದರೆ ಕೊಯ್ದ ತರಕಾರಿಯ ಉಸಿರಾಟ ಎರಡು-ಮೂರು ಪಟ್ಟಾಗುತ್ತದೆ, ಬಾಳಿಕೆ ಅಷ್ಟೇ ಕುಗ್ಗುತ್ತದೆ. ಐರೋಪ್ಯ ಒಕ್ಕೂಟ 2020ರ ಮಾರ್ಚ್‌ನಲ್ಲಿ ‘ಹಸಿರು ಪಥ’ಗಳನ್ನು ಸೂಚಿಸಿ, ಗಡಿಯಲ್ಲಿ ಸರಕು ವಾಹನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು ಎಂದದ್ದು ಇಂಥ ವಿಳಂಬ ತಪ್ಪಿಸಲು.

ಮಾರುಕಟ್ಟೆಯ ವೇಳೆ ಮೊಟಕುಗೊಳಿಸಿದರೆ ಇನ್ನೊಂದು ತೊಡಕು. ದಿನವಿಡೀ ಬರುತ್ತಿದ್ದ ಆವಕ ಎರಡು-ಮೂರು ತಾಸಿನಲ್ಲಿ ಬಂದು ಬೀಳುತ್ತದೆ. ಬಾಗಿಲು ಮುಚ್ಚುವ ಹೊತ್ತಿಗೆ ಮಾಲು ವಾಪಸ್ ಒಯ್ಯುವ ಬದಲು ರೈತ ಸಿಕ್ಕಿದ ದರಕ್ಕೆ ಕೊಡುತ್ತಾನೆ. ಜನದಟ್ಟಣೆ ತಪ್ಪಿಸುವ ಉದ್ದೇಶವೂ ಕೈಗೂಡುವುದಿಲ್ಲ, ಅದು ಬೇರೆ ಮಾತು.

ಹೋಟೆಲ್ ಮುಚ್ಚಿದ್ದರ ಪೆಟ್ಟನ್ನು ಆರಂಭದಲ್ಲಿ ಹಲವರು ಅಂದಾಜಿಸಲಿಲ್ಲ. ಹೋಟೆಲಿಗೆ ಹೋಗಬೇಕಿದ್ದ ಹಾಲು ಮನೆಗೆ ಹೋಗಲಿ ಎನ್ನುವುದು ಸುಲಭ. ಆದರೆ ದೊಡ್ಡ ಚೀಲ ತುಂಬುವ ಯಂತ್ರ ಮನೆಬಳಕೆಯ ಪೊಟ್ಟಣ ತುಂಬುವುದಿಲ್ಲ. ಹೊಸ ಯಂತ್ರ, ಅಚ್ಚು, ಲೇಬಲ್ಲಿಗೆ ತಿಂಗಳುಗಳೇ ಬೇಕು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಹೈನುಗಾರರು ಹಾಲನ್ನು ಚರಂಡಿಗೆ ಸುರಿದರು. ಅದೇ ತಿಂಗಳು ಅಲ್ಲಿ ಮನೆಗೆ ಕೊಳ್ಳುವ ಆಹಾರದ ಬೆಲೆ ಶೇ 2.6ರಷ್ಟು ಏರಿತು. 1974ರ ಫೆಬ್ರುವರಿಯ ನಂತರ ಒಂದೇ ತಿಂಗಳಲ್ಲಿ ಅಷ್ಟು ಏರಿರಲಿಲ್ಲ. ಮೊಟ್ಟೆಯೊಂದೇ ಶೇ 16ರಷ್ಟು ತುಟ್ಟಿಯಾಯಿತು.

ದೂರದ ಸಾಗಣೆಯ ಕಥೆ ಇನ್ನೂ ಮೊದಲು ಶುರುವಾಗಿತ್ತು. 2020ರ ಫೆಬ್ರುವರಿಯಲ್ಲೇ ಶಾಂಘೈ ಬಂದರಿನಲ್ಲಿ ಶೀತಲ ಕಂಟೇನರ್‌ಗಳಿಗೆ ವಿದ್ಯುತ್ ಪ್ಲಗ್ ಸಾಲದಾಯಿತು. ಒಯ್ಯಲು ಚಾಲಕರಿಲ್ಲದೆ ತುಂಬಿದ ಪೆಟ್ಟಿಗೆಗಳು ಅಲ್ಲೇ ನಿಂತವು. ವಿಮಾನ ಸರಕಿನ ಸುಮಾರು ಅರ್ಧ ಭಾಗ ಪ್ರಯಾಣಿಕ ವಿಮಾನಗಳ ಹೊಟ್ಟೆಯಲ್ಲಿ ಸಾಗುತ್ತಿತ್ತು. ಅವು ನಿಂತಾಗ ಮೀನು, ಬೀನ್ಸ್‌ನಂಥ ಮಾಲಿನ ಬಾಡಿಗೆ ಗಗನಕ್ಕೇರಿತು. ಕೊಯ್ಲಿನ ಆಳುಗಳೂ ಗಡಿಯಾಚೆ ಉಳಿದರು. ಕೊನೆಗೆ ಜರ್ಮನಿ ಏಪ್ರಿಲ್‌ನಲ್ಲಿ 40,000, ಮೇನಲ್ಲಿ 40,000 ಹಂಗಾಮಿ ಕೂಲಿಗಳಿಗೆ ಪ್ರವೇಶ ಕೊಡಲು ಒಪ್ಪಿ, ವಿಮಾನದಲ್ಲಿ ಕರೆಸಿಕೊಂಡಿತು.

ಇಷ್ಟಾದರೂ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಲೆ ಸೂಚ್ಯಂಕ 2020ರ ಫೆಬ್ರುವರಿಯಿಂದ ಮೇವರೆಗೆ ಸತತ ನಾಲ್ಕು ತಿಂಗಳು ಇಳಿಯಿತು. ಅದರಲ್ಲಿರುವುದು ಧಾನ್ಯ, ಎಣ್ಣೆ, ಸಕ್ಕರೆ, ಹೈನು, ಮಾಂಸ. ಹಣ್ಣು-ತರಕಾರಿಗೆ ಅದರಲ್ಲಿ ಜಾಗವಿಲ್ಲ. ಆದ್ದರಿಂದ ನಿರ್ಬಂಧದ ದಿನಗಳಲ್ಲಿ ನೋಡಬೇಕಾದದ್ದು ಹೊಲದ ದರಕ್ಕೂ ಚಿಲ್ಲರೆ ದರಕ್ಕೂ ಇರುವ ಅಂತರವನ್ನು. ನಿರ್ಬಂಧ ಸಡಿಲಿಸಿದ ಮೇಲೂ ಇದನ್ನು ಗಮನಿಸುತ್ತಿರಬೇಕು: ಕೊಳ್ಳುವವರಿಲ್ಲದೆ ಬೆಳೆ ಉತ್ತುಹಾಕಿದ ರೈತ ಮರುಬಿತ್ತನೆ ಮಾಡದಿದ್ದರೆ ಎರಡು-ಮೂರು ತಿಂಗಳ ನಂತರ ಆವಕ ಕಡಿಮೆಯಾಗಿ, ಆಗ ಎರಡೂ ದರ ಒಟ್ಟಿಗೇ ಏರುತ್ತವೆ.